ತಾರಸಿ ಮಾತು: ಹೀಟರ್ ಇಲ್ಲದ ಬೆಚ್ಚನೆ ಮನೆ

ದೀಪಾವಳಿಯ ಹೊಗೆ ಇಳಿಯುವುದರೊಳಗೆ ನಮ್ಮ ನೋಯ್ಡಾದಲ್ಲಿ ಚಳಿಯ ತಯಾರಿ ಶುರುವಾಗುತ್ತದೆ. ಎಲ್ಲರ ಬಾಲ್ಕನಿಯಲ್ಲೂ ರಜಾಯಿಗಳು ಬಿಸಿಲು ಕಾಯಿಸುತ್ತಿರುತ್ತವೆ. ಗೀಸರ್ ರಿಪೇರಿಯವನು ಫೋನ್ ಎತ್ತುವುದಿಲ್ಲ. ನಮ್ಮ ಮನೆಯಲ್ಲಿ ಇದರ ಜೊತೆಗೆ ಇನ್ನೊಂದು ಕೆಲಸ ಇದೆ: ತಾರಸಿಯ ಮೇಲಿನ ಪ್ಲಾಸ್ಟಿಕ್ ಮನೆಯನ್ನು ತೊಳೆದು, ಒರೆಸಿ, ಮತ್ತೆ ನಿಲ್ಲಿಸುವುದು. ಕಳೆದ ತಿಂಗಳ ಕಂತಿನಲ್ಲಿ ಅದರ ಬಗ್ಗೆ ಒಂದೇ ಒಂದು ಸಾಲು ಬರೆದಿದ್ದೆ. ಆ ಸಾಲಿಗೆ ಬಂದಷ್ಟು ಪತ್ರ ಇಡೀ ಎರೆಗೊಬ್ಬರದ ಲೇಖನಕ್ಕೆ ಬಂದಿರಲಿಲ್ಲ. ಗುರುಗ್ರಾಮದ ಓದುಗರೊಬ್ಬರು "ಹೀಟರ್ ಎಷ್ಟು ವ್ಯಾಟಿನದು?" ಎಂದು ಕೇಳಿದ್ದಾರೆ. ಚೆನ್ನೈಯವರೊಬ್ಬರು "ನಮ್ಮಲ್ಲಿ ಗಿಡಕ್ಕೆ ಏಸಿ ಬೇಕು" ಎಂದು ಬರೆದು ನಗುವ ಮುಖ ಹಾಕಿದ್ದಾರೆ. ಚೆನ್ನೈ, ಮುಂಬೈಯವರು ಈ ಕಂತನ್ನು ಕತೆಯ ಹಾಗೆ ಓದಿಕೊಳ್ಳಿ. ಗುರುಗ್ರಾಮದವರಿಗೆ ಉತ್ತರ: ಸೊನ್ನೆ ವ್ಯಾಟ್. ಹೀಟರ್ ಇಲ್ಲ, ಬಲ್ಬೂ ಇಲ್ಲ.

ಈ ಪ್ಲಾಸ್ಟಿಕ್ ಮನೆ ಇರುವುದು ಮುಖ್ಯವಾಗಿ ಒಂದು ವೀಳ್ಯದೆಲೆ ಬಳ್ಳಿಗೆ. ಹಾಗಾಗಿ ಬಳ್ಳಿಯಿಂದಲೇ ಶುರು ಮಾಡುತ್ತೇನೆ.

ನಮ್ಮ ಮಾವನವರು ತೀರಿಕೊಂಡದ್ದು 2019ರಲ್ಲಿ. ಅತ್ತೆ ಮುಂದಿನ ಫೆಬ್ರವರಿಯಲ್ಲಿ ಎರಡು ತಿಂಗಳು ಇದ್ದು ಹೋಗೋಣವೆಂದು ಇಲ್ಲಿಗೆ ಬಂದವರು, ಲಾಕ್‌ಡೌನ್ ಆಗಿ ಇಲ್ಲಿಯೇ ಉಳಿದರು. ಬರುವಾಗ ಚಕ್ಕುಲಿ ಡಬ್ಬದ ಪಕ್ಕದಲ್ಲಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ನಾಲ್ಕು ಬಳ್ಳಿ ಕಡ್ಡಿಗಳನ್ನು ತಂದಿದ್ದರು. ಮೈಸೂರಿನ ಮನೆಯ ಹಿತ್ತಿಲಿನಲ್ಲಿ ಮಾವನವರು ನುಗ್ಗೆ ಮರಕ್ಕೆ ಹಬ್ಬಿಸಿದ್ದ ಚಿಗುರೆಲೆ ಬಳ್ಳಿಯ ಕಡ್ಡಿಗಳು. ಅದು ಮೂವತ್ತು ವರ್ಷ ಇದ್ದ ಬಾಡಿಗೆ ಮನೆ. ಲಾಕ್‌ಡೌನ್ ನಡುವೆಯೇ ಭಾವ ಅದನ್ನು ಖಾಲಿ ಮಾಡಿ ಸಾಮಾನು ಸಾಗಿಸಿದರು, ಮಾಲೀಕರು ಹಿತ್ತಿಲಿನ ಮರಗಿಡ ತೆಗೆಸಿ ಕಟ್ಟಡ ಎಬ್ಬಿಸಿದರು. ಅಂದರೆ ನಮ್ಮ ತಾರಸಿಯ ಗ್ರೋ ಬ್ಯಾಗಿನಲ್ಲಿ ಇದ್ದದ್ದೇ ಆ ಬಳ್ಳಿಯಲ್ಲಿ ಉಳಿದ ಭಾಗ. ವೀಳ್ಯದೆಲೆಯನ್ನು ಬೀಜದಿಂದ ಬೆಳೆಸುವ ರೂಢಿ ಇಲ್ಲ, ಗಿಣ್ಣು ಇರುವ ಕಡ್ಡಿಯಿಂದಲೇ ಬೆಳೆಸುತ್ತಾರೆ. ಹಾಗಾಗಿ ಕಡ್ಡಿ ಎಂದರೆ ಮಗು ಅಲ್ಲ, ಅದೇ ಗಿಡ.

ಮಳೆಗಾಲದಲ್ಲಿ ಅದು ಚೆನ್ನಾಗಿಯೇ ಹಬ್ಬಿತು. ದೆಹಲಿಯ ಜುಲೈ-ಆಗಸ್ಟ್ ವೀಳ್ಯದೆಲೆಗೆ ಮಂಗಳೂರು ಇದ್ದ ಹಾಗೆ. ಆಮೇಲೆ 2021ರ ಜನವರಿ 1 ಬಂತು. ಆ ಬೆಳಿಗ್ಗೆ ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ 1.1 ಡಿಗ್ರಿ ದಾಖಲಾಗಿತ್ತು. ನಾನು ಹೊಸ ವರ್ಷದ ಶುಭಾಶಯಗಳಿಗೆ ಉತ್ತರಿಸುತ್ತಾ ಟೀ ಕುಡಿಯುತ್ತಿದ್ದೆ. ಅತ್ತೆ ಮೇಲೆ ಹೋಗಿ ಬಂದು, ಏನೂ ಹೇಳದೆ ಕುಳಿತರು. ನೋಡಿದರೆ ಇಡೀ ಬಳ್ಳಿ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಗೆ ಜೋತುಬಿದ್ದಿತ್ತು. ಬಸಳೆಯೂ ಹೋಗಿತ್ತು, ದೊಡ್ಡಪತ್ರೆಯೂ ಹೋಗಿತ್ತು. ಕರಿಬೇವು ಮಾತ್ರ ಎಲೆ ಉದುರಿಸಿ ನಿಂತಿತ್ತು, ಅದು ಮಾರ್ಚಿನಲ್ಲಿ ಮತ್ತೆ ಚಿಗುರಿತು. ಮೆಟ್ಟಿಲಿನ ಕೆಳಗೆ ಬಾಟಲಿಯ ನೀರಿನಲ್ಲಿ ಇಟ್ಟು ಮರೆತಿದ್ದ ಎರಡು ಗಿಣ್ಣಿನ ಒಂದು ತುಂಡು ಬದುಕಿತ್ತು. ಈಗ ನಮ್ಮಲ್ಲಿ ಇರುವುದೆಲ್ಲ ಆ ತುಂಡಿನದು.

ಅತ್ತೆ ಅವತ್ತು ಅಂದದ್ದು ಒಂದೇ ಮಾತು: "ಹೋಗ್ಲಿ ಬಿಡಮ್ಮ, ಅವರೂ ಚಳಿ ತಡೀತಿರ್ಲಿಲ್ಲ." ಈ ಮಾತಿಗೆ ನಾನು ಏನು ಉತ್ತರ ಹೇಳಬೇಕಿತ್ತೋ ಇವತ್ತಿಗೂ ಗೊತ್ತಿಲ್ಲ.

ಮುಂದಿನ ಚಳಿಗಾಲದಲ್ಲಿ ಕುಂಡವನ್ನು ಮನೆಯೊಳಗೆ ಇಟ್ಟೆವು. ರೂಮ್ ಹೀಟರಿನ ಒಣ ಗಾಳಿಗೆ, ಬೆಳಕಿಲ್ಲದ ಮೂಲೆಗೆ, ಎಲೆಗಳು ಒಂದೊಂದಾಗಿ ಹಳದಿಯಾಗಿ ಉದುರಿದವು. ಮಾರ್ಚಿಗೆ ಬಂದಾಗ ಉಳಿದದ್ದು ಮೂರು ಎಲೆ.

ಆ ವರ್ಷದ ಸೆಪ್ಟೆಂಬರಿನಲ್ಲಿ, 2022ರಲ್ಲಿ, ನಾವು ಲಡಾಖಿಗೆ ಹೋಗಿದ್ದೆವು. ಲೇಹ್ ಸಮುದ್ರಮಟ್ಟದಿಂದ ಸುಮಾರು 3500 ಮೀಟರ್ ಎತ್ತರದಲ್ಲಿದೆ. ಜನವರಿಯಲ್ಲಿ ಪಾದರಸ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋಗುವುದೂ ಉಂಟು. ಚಳಿಗಾಲದಲ್ಲಿ ಘಾಟಿಗಳಲ್ಲಿ ಹಿಮ ಬಿದ್ದು ರಸ್ತೆ ಮುಚ್ಚುತ್ತದೆ. ತಾಜಾ ತರಕಾರಿ ವಿಮಾನದಲ್ಲಿ ಬರಬೇಕು, ಇಲ್ಲವೇ ನೆಲದಡಿಯಲ್ಲಿ ಹೂತಿಟ್ಟ ಆಲೂಗಡ್ಡೆ, ಟರ್ನಿಪ್, ಕ್ಯಾರೆಟ್ ತಿನ್ನಬೇಕು. ನಾವು ಇಳಿದುಕೊಂಡಿದ್ದ ಹೋಮ್‌ಸ್ಟೇಯ ಹಿಂಭಾಗದಲ್ಲಿ ಮಣ್ಣಿನ ಗೋಡೆಯ, ಒಂದು ಬದಿಗೆ ಪಾಲಿಥೀನ್ ಹೊದಿಸಿದ ಉದ್ದನೆಯ ಕಟ್ಟಡ ಇತ್ತು. ದನದ ಕೊಟ್ಟಿಗೆ ಅಂದುಕೊಂಡೆ. ಮನೆಯ ಯಜಮಾನಿ, ಎಲ್ಲರೂ ಅಮಾ-ಲೆ ಎನ್ನುತ್ತಿದ್ದರು, ಬಾಗಿಲು ತೆಗೆದು ತೋರಿಸಿದರು. ಚಳಿಗಾಲಕ್ಕೆಂದು ಪಾಲಕ್, ಕೊತ್ತಂಬರಿ ಬಿತ್ತಲು ಮಡಿ ಸಿದ್ಧ ಮಾಡುತ್ತಿದ್ದರು. "ಜನವರಿಯಲ್ಲಿ ಇದರೊಳಗೆ ಸೊಪ್ಪು ಬರುತ್ತದೆಯೇ?" ಎಂದು ಹಿಂದಿಯಲ್ಲಿ ಕೇಳಿದೆ. "ಬರುತ್ತದೆ, ಸ್ವಲ್ಪ ಸೋಮಾರಿ," ಎಂದು ನಕ್ಕರು. "ಒಲೆ ಹಚ್ಚುತ್ತೀರಾ?" ಎಂದೆ. ಅಮಾ-ಲೆ ಗೋಡೆಯನ್ನು ತಟ್ಟಿ ತೋರಿಸಿದರು.

ಆ ಗೋಡೆಯಲ್ಲಿಯೇ ಎಲ್ಲ ಗುಟ್ಟೂ ಇರುವುದು. ಕಟ್ಟಡ ಪೂರ್ವ-ಪಶ್ಚಿಮಕ್ಕೆ ಉದ್ದ. ದಕ್ಷಿಣದ ಬದಿ ಪೂರ್ತಿ ಪಾಲಿಥೀನ್, ಏಕೆಂದರೆ ಚಳಿಗಾಲದ ಸೂರ್ಯ ದಕ್ಷಿಣದಲ್ಲಿ ತಗ್ಗಾಗಿ ಸಾಗುತ್ತಾನೆ. ಉಳಿದ ಮೂರು ಕಡೆ ಹಸಿ ಇಟ್ಟಿಗೆಯ ಜೋಡಿ ಗೋಡೆ, ಎರಡು ಗೋಡೆಗಳ ನಡುವೆ ಒಣ ಹುಲ್ಲು ತುಂಬಿರುತ್ತಾರೆ. ಉತ್ತರದ ಗೋಡೆಯ ಒಳಮೈಗೆ ಕಪ್ಪು ಬಣ್ಣ. ಹಗಲೆಲ್ಲ ಆ ಗೋಡೆ ಬಿಸಿಲು ಕುಡಿಯುತ್ತದೆ, ರಾತ್ರಿಯೆಲ್ಲ ನಿಧಾನವಾಗಿ ಬಿಡುತ್ತದೆ. ಹೊರಗಿನ ಹುಲ್ಲು ಆ ಬಿಸಿಯನ್ನು ಹೊರಕ್ಕೆ ಹೋಗಗೊಡುವುದಿಲ್ಲ. ಸಂಜೆ ಸೂರ್ಯ ಮರೆಯಾಗುವ ಮುಂಚೆ ಪಾಲಿಥೀನಿನ ಮೇಲೆ ಬಟ್ಟೆಯ ಪರದೆ ಇಳಿಸುತ್ತಾರೆ. ಇದನ್ನು ಲಡಾಖಿನಲ್ಲಿ ಹಳ್ಳಿ ಹಳ್ಳಿಗೆ ಮುಟ್ಟಿಸಿದವರಲ್ಲಿ ಗೆರೆಸ್ ಎಂಬ ಸಂಸ್ಥೆ ಮತ್ತು ಅದರ ಜೊತೆಗಿದ್ದ ಸ್ಥಳೀಯ ಸಂಘಟನೆಗಳು ಮುಖ್ಯ. ಲೇಹ್‌ನಲ್ಲಿರುವ ರಕ್ಷಣಾ ಇಲಾಖೆಯ ಎತ್ತರ ಪ್ರದೇಶದ ಸಂಶೋಧನಾ ಸಂಸ್ಥೆ ಡಿಹಾರ್ ಇನ್ನೂ ಅಗ್ಗದ ದಾರಿಯನ್ನೂ ಬಳಕೆಗೆ ತಂದಿದೆ: ನೆಲದಲ್ಲಿ ಆಳವಾದ ಗುಂಡಿ ತೋಡಿ, ಮೇಲೆ ಪಾಲಿಥೀನ್ ಮುಚ್ಚುವುದು. ಗೋಡೆಯ ಖರ್ಚೇ ಇಲ್ಲ, ಸುತ್ತಲಿನ ಭೂಮಿಯೇ ಗೋಡೆ.

ವಾಪಸ್ಸು ಬರುವ ವಿಮಾನದಲ್ಲೇ ನಾನು ನ್ಯಾಪ್ಕಿನ್ ಮೇಲೆ ಚಿತ್ರ ಬರೆಯುತ್ತಿದ್ದೆ. ನಮ್ಮ ತಾರಸಿಯಲ್ಲಿ ಮುಮ್ಟಿ ಇದೆ. ಮೆಟ್ಟಿಲು ಮೇಲೆ ಬಂದು ಮುಗಿಯುವ ಆ ಪುಟ್ಟ ಕೋಣೆಗೆ ದೆಹಲಿ ಕಡೆ ಹಾಗೆನ್ನುತ್ತಾರೆ. ಅದರ ದಕ್ಷಿಣಕ್ಕೆ ಮುಖ ಮಾಡಿದ ಗೋಡೆ ಒಂಬತ್ತಿಂಚಿನ ಇಟ್ಟಿಗೆಯದು. ಅಮಾ-ಲೆಯವರ ಉತ್ತರದ ಗೋಡೆ ನನಗೆ ಪುಕ್ಕಟೆಯಾಗಿ ಸಿಕ್ಕಂತಾಯಿತು. ಆ ಗೋಡೆಗೆ ಆನಿಸಿ, ಬಿದಿರಿನ ಚೌಕಟ್ಟು ಕಟ್ಟಿ, ಇಳಿಜಾರಾಗಿ ಶೀಟ್ ಹೊದಿಸಿದರೆ ಆಯಿತು. ಮನೆ ಮಾಲೀಕರು ಒಪ್ಪಿದರು, ಎರಡು ಷರತ್ತು ಹಾಕಿದರು: ಗೋಡೆಗೆ ಮೊಳೆ ಹೊಡೆಯಬಾರದು, ಬಣ್ಣ ಬಳಿಯಬಾರದು. ಹಾಗಾಗಿ ಮೊಳೆಯ ಬದಲು ಮರಳಿನ ಚೀಲ, ಕಪ್ಪು ಬಣ್ಣದ ಬದಲು ಕಪ್ಪು ಬಟ್ಟೆ.

ಇಳಿಜಾರು ಎಷ್ಟಿರಬೇಕು ಎನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಇದೆ. ಡಿಸೆಂಬರ್ 21ರ ಮಧ್ಯಾಹ್ನ ಮೈಸೂರಿನಲ್ಲಿ ಸೂರ್ಯ ದಿಗಂತದಿಂದ 54 ಡಿಗ್ರಿ ಮೇಲಿರುತ್ತಾನೆ, ದೆಹಲಿಯಲ್ಲಿ 38 ಡಿಗ್ರಿ, ಲೇಹ್‌ನಲ್ಲಿ 32 ಡಿಗ್ರಿ. ಶೀಟಿನ ಮೇಲೆ ಬಿಸಿಲು ನೇರವಾಗಿ ಬೀಳಬೇಕಾದರೆ ಇಳಿಜಾರು ದೆಹಲಿಯಲ್ಲಿ 52 ಡಿಗ್ರಿಯ ಆಸುಪಾಸು ಇರಬೇಕು. ನನ್ನದು 50 ಆಯಿತು, ಬಿದಿರು ಅಷ್ಟೇ ಬಗ್ಗಿದ್ದು. ಐದಾರು ಡಿಗ್ರಿ ಆಚೀಚೆ ಆದರೆ ಏನೂ ನಷ್ಟವಿಲ್ಲ. ಗೂಡಿನ ಉದ್ದ ಎಂಟು ಅಡಿ, ಅಗಲ ನಾಲ್ಕು ಅಡಿ. ಒಬ್ಬರು ಬಗ್ಗಿ ಒಳಗೆ ಹೋಗಬಹುದು. ಅತ್ತೆ ಮೊದಲ ಸಲ ನೋಡಿ ಕೇಳಿದ್ದು, "ಇದೇನಮ್ಮ, ಗಿಡಕ್ಕೂ ಸ್ವೆಟರ್ರಾ?"

ಶೀಟಿನ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಪೇಂಟರುಗಳು ನೆಲಕ್ಕೆ ಹಾಸುವ ಮಾಮೂಲಿ ಪ್ಲಾಸ್ಟಿಕ್ ತಂದೆ. ಮುಂದಿನ ಬೇಸಿಗೆಗೆ ಅದು ಹಪ್ಪಳದ ಹಾಗೆ ಮುರಿಯುತ್ತಿತ್ತು. ಪಾಲಿಹೌಸಿಗೆಂದೇ ಬರುವ, ಬಿಸಿಲಿನ ನೇರಳಾತೀತ ಕಿರಣ ತಡೆಯುವ 200 ಮೈಕ್ರಾನ್ ಶೀಟ್ ಕೇಳಿ ತನ್ನಿ. ಸ್ವಲ್ಪ ದುಬಾರಿ, ಆದರೆ ವರ್ಷಗಟ್ಟಲೆ ಬಾಳುತ್ತದೆ.

ಇನ್ನೊಂದು ತಪ್ಪು, ಪ್ಲಾಸ್ಟಿಕ್ ಹೊದಿಸಿದರೆ ರಾತ್ರಿಯೂ ಬೆಚ್ಚಗಿರುತ್ತದೆ ಎಂದುಕೊಂಡದ್ದು. ನಾನು ಹೇಳಿ ಕೇಳಿ ಡೇಟಾ ನೋಡುವ ಕೆಲಸದವಳು, ಒಂದು ಸಣ್ಣ ಬೋರ್ಡಿಗೆ ಎರಡು ಸೆನ್ಸರ್ ಜೋಡಿಸಿ, ಗೂಡಿನ ಒಳಗೊಂದು ಹೊರಗೊಂದು ಇಟ್ಟಿದ್ದೆ. ನವೆಂಬರ್ ಕೊನೆಯ ಒಂದು ಮಧ್ಯಾಹ್ನ ಒಳಗೆ 34 ಡಿಗ್ರಿ. ಖುಷಿಯಾಗಿ ಮಲಗಿದೆ. ಬೆಳಗಿನ ಐದೂವರೆಗೆ ಹೊರಗೆ 9.2, ಒಳಗೆ 9.6. ಇಷ್ಟೆಲ್ಲ ಸಂಭ್ರಮ ಮಾಡಿದ್ದು ಅರ್ಧ ಡಿಗ್ರಿಗೆ! ಗಾಜಿನ ಮನೆ ಬೆಚ್ಚಗಾಗುವುದು ಮುಖ್ಯವಾಗಿ ಒಳಗಿನ ಬಿಸಿ ಗಾಳಿ ಹೊರಗೆ ಓಡಿಹೋಗದಂತೆ ತಡೆಯುವುದರಿಂದ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1909ರಲ್ಲೇ ಕಲ್ಲುಪ್ಪಿನ ಹಲಗೆ ಇಟ್ಟು ಇದನ್ನು ತೋರಿಸಿದ್ದ. ರಾತ್ರಿ ಮೋಡವಿಲ್ಲದ ಆಕಾಶಕ್ಕೆ ಗಿಡ, ಮಣ್ಣು ಎಲ್ಲವೂ ಬಿಸಿಯನ್ನು ಕಿರಣದ ರೂಪದಲ್ಲಿ ಬಿಡುತ್ತಿರುತ್ತವೆ. ಗಾಜು ಆ ಕಿರಣವನ್ನು ತಡೆದೀತು, ಪಾಲಿಥೀನ್ ಅಷ್ಟಾಗಿ ತಡೆಯುವುದಿಲ್ಲ. ಆದ್ದರಿಂದ ಒಳಗೆ ಬಿಸಿಯನ್ನು ಕೂಡಿಡುವ ಒಂದು ವಸ್ತು, ರಾತ್ರಿ ಹೊದೆಯಲು ಒಂದು ಹೊದಿಕೆ, ಇವೆರಡೂ ಇಲ್ಲದಿದ್ದರೆ ಅದು ಬರೀ ಮಳೆಕೋಟು.

ಕೂಡಿಡುವ ವಸ್ತು ನೀರು. ಒಂದು ಕಿಲೋ ಇಟ್ಟಿಗೆ ಹಿಡಿದಿಡುವ ಬಿಸಿಯ ಐದರಷ್ಟನ್ನು ಒಂದು ಕಿಲೋ ನೀರು ಹಿಡಿದಿಡುತ್ತದೆ. 20 ಲೀಟರಿನ ಒಂದು ನೀರಿನ ಕ್ಯಾನ್ 10 ಡಿಗ್ರಿ ತಣ್ಣಗಾದರೆ, ಸುಮಾರು ಕಾಲು ಯೂನಿಟ್ ಕರೆಂಟಿನಷ್ಟು ಬಿಸಿ ಬಿಡುಗಡೆ ಆಗುತ್ತದೆ. ಹತ್ತು ಕ್ಯಾನ್ ಎಂದರೆ 2.3 ಯೂನಿಟ್, ಅಂದರೆ 200 ವ್ಯಾಟಿನ ಪುಟ್ಟ ಹೀಟರ್ ರಾತ್ರಿಯಿಡೀ ಉರಿದ ಹಾಗೆ. ನೀರು ಹಾಕುವವನಿಂದ ಸೋರುವ ಹಳೆಯ ಕ್ಯಾನ್‌ಗಳನ್ನು ಕೇಳಿ ತಂದು, ಎಂ-ಸೀಲ್ ಮೆತ್ತಿ, ಕಪ್ಪು ಪೇಂಟ್ ಹೊಡೆದು, ಗೋಡೆಯ ಉದ್ದಕ್ಕೂ ಸಾಲಾಗಿ ನಿಲ್ಲಿಸಿದೆ. ಒಂದು ಎಚ್ಚರಿಕೆ: ಹತ್ತು ಕ್ಯಾನ್ ಎಂದರೆ 200 ಕಿಲೋ. ಗೋಡೆಗೆ ಒತ್ತಿ, ಉದ್ದಕ್ಕೆ ಹರಡಿ ಇಡಿ, ತಾರಸಿಯ ನಡುವೆ ಒಟ್ಟಬೇಡಿ. ನೆಲದ ಮೇಲೆ ಗಿಡ ಇರುವವರಿಗೆ ಈ ಚಿಂತೆ ಇಲ್ಲ, ಅವರು ದೊಡ್ಡ ಡ್ರಮ್ಮನ್ನೇ ಇಡಬಹುದು.

ಹೊದಿಕೆಗೆ ಮೊದಲು ಹಳೆ ರಜಾಯಿ ಹಾಕಿದೆ. ಎರಡೇ ರಾತ್ರಿಯಲ್ಲಿ ಇಬ್ಬನಿ ಕುಡಿದು ಎತ್ತಲಾರದಷ್ಟು ಭಾರವಾಯಿತು. ಒದ್ದೆ ಹತ್ತಿ ಬಿಸಿಯನ್ನು ತಡೆಯುವುದಿಲ್ಲ ಎನ್ನುವುದು ಒದ್ದೆ ಸಾಕ್ಸ್ ಹಾಕಿಕೊಂಡವರಿಗೆಲ್ಲ ಗೊತ್ತು. ಈಗ ರಜಾಯಿಯ ಮೇಲೆ ಒಂದು ಟಾರ್ಪಾಲಿನ್ ಹಾಕುತ್ತೇವೆ. ಶೀಟಿನ ಒಳಬದಿಗೆ ಆನ್‌ಲೈನ್ ಆರ್ಡರುಗಳ ಜೊತೆ ಬರುವ ಗುಳ್ಳೆ ಪ್ಲಾಸ್ಟಿಕ್ ಅಂಟಿಸಿದ್ದೇವೆ, ಅದರಲ್ಲಿನ ಗಾಳಿಯೇ ಒಂದು ಪದರ. ಇಷ್ಟೆಲ್ಲ ಆದ ಮೇಲೆ ಲಾಗ್ ನೋಡಿದರೆ ಕತೆಯೇ ಬೇರೆ: ಡಿಸೆಂಬರ್ ನಡುವೆ ಹೊರಗೆ 6.1 ಇದ್ದಾಗ ಒಳಗೆ 12.4.

ವೀಳ್ಯದೆಲೆಗೆ ಬೇಕಾದ್ದು ಇಷ್ಟೇ. ಅದಕ್ಕೆ ಹಿಮವೇ ಬೀಳಬೇಕೆಂದಿಲ್ಲ, 10 ಡಿಗ್ರಿಗಿಂತ ಕೆಳಗೆ ನಾಲ್ಕು ರಾತ್ರಿ ಕಳೆದರೆ ಎಲೆ ಉದುರಲು ಶುರು. ಮಲೆನಾಡಿನ, ಕರಾವಳಿಯ ನಮ್ಮ ಗಿಡಗಳ ಸ್ವಭಾವವೇ ಅದು. ಮೆಂತ್ಯ, ಪಾಲಕ್, ಸಬ್ಬಸಿಗೆ, ಮೂಲಂಗಿಗೆ ದೆಹಲಿಯ ಚಳಿಯೆಂದರೆ ಹಬ್ಬ. ಮೊದಲ ವರ್ಷ ಹುಮ್ಮಸ್ಸಿನಲ್ಲಿ ಕೊತ್ತಂಬರಿಯನ್ನೂ ಗೂಡಿನೊಳಗೆ ಇಟ್ಟಿದ್ದೆ. ಅದು ಬೇಸಿಗೆ ಬಂತೆಂದು ತಿಳಿದು, ಸೊಪ್ಪು ಬಿಡದೆ ಹೂವು ಬಿಟ್ಟಿತು. ಅವನ್ನೆಲ್ಲ ಹೊರಗೇ ಇಡಿ.

ಉತ್ತರ ಭಾರತದಲ್ಲಿ ವೀಳ್ಯದೆಲೆ ಚಳಿಗಾಲ ಕಳೆಯುವುದು ಹೇಗೆ ಎಂಬ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ, ನೋಡಿ. ಬನಾರಸಿ ಪಾನ್ ಊರಿಗೆಲ್ಲ ಗೊತ್ತು, ಆದರೂ ಹೊಳೆಯಲಿಲ್ಲ. ಹೊಳೆದದ್ದು ಅತ್ತೆಗೆ. ನಮ್ಮ ಸೆಕ್ಟರಿನ ಗೇಟಿನ ಪಕ್ಕದ ಪಾನ್ ಅಂಗಡಿಯವನು ಬುಂದೇಲ್‌ಖಂಡದ ಮಹೋಬಾ ಕಡೆಯವನು. ಅತ್ತೆಯ ಹಿಂದಿಯಲ್ಲಿ ಮುಕ್ಕಾಲು ಪಾಲು ಕನ್ನಡ, ಅವನ ಮಾತಿನಲ್ಲಿ ಮುಕ್ಕಾಲು ಪಾಲು ಬಾಯ್ತುಂಬ ಪಾನ್. ಆದರೂ ಇಬ್ಬರೂ ಅರ್ಧ ಗಂಟೆ ಮಾತಾಡಿ, ಅತ್ತೆ ತಂದ ಸುದ್ದಿ ಇದು: ಅವರ ಕಡೆ ಪಾನ್ ಬಳ್ಳಿಯನ್ನು ಬಯಲಿನಲ್ಲಿ ಬೆಳೆಯುವುದೇ ಇಲ್ಲ. ಬಿದಿರು, ಹುಲ್ಲು, ಜೊಂಡಿನಿಂದ ನಾಲ್ಕೂ ಕಡೆ ಮತ್ತು ಮೇಲೆ ಮುಚ್ಚಿದ ಚಪ್ಪರದೊಳಗೆ ಬೆಳೆಯುತ್ತಾರೆ. ಅದಕ್ಕೆ ಬರೇಜಾ ಎಂದು ಹೆಸರು. ಬೇಸಿಗೆಯ ಲೂ ಗಾಳಿ, ಚಳಿಗಾಲದ ಕೊರೆತ, ಎರಡಕ್ಕೂ ಅದೇ ಗುರಾಣಿ. ಬಂಗಾಳದಲ್ಲೂ ಇದೇ ಪದ್ಧತಿ, ಅಲ್ಲಿ ಬೊರೋಜ್ ಎನ್ನುತ್ತಾರೆ. ನಾನು ಲಡಾಖಿನವರೆಗೂ ಹೋಗಿ ಕಲಿತು ಬಂದ ವಿದ್ಯೆಯ ಅರ್ಧ, ಗೇಟಿನ ಪಕ್ಕದಲ್ಲೇ ಕಾಥಾ ಹಚ್ಚುತ್ತಾ ಕುಳಿತಿತ್ತು.

ಬರೇಜಾದಿಂದ ಇನ್ನೊಂದು ಪಾಠವೂ ಸಿಕ್ಕಿತು. ಬಳ್ಳಿಗೆ ಬೆಚ್ಚಗೆ ಬೇಕು, ಆದರೆ ನೇರ ಬಿಸಿಲು ಬೇಡ. ನಾನು ಬಳ್ಳಿಯನ್ನು ಶೀಟಿನ ಮುಂದೆಯೇ ನಿಲ್ಲಿಸಿದ್ದೆ. ಈಗ ಅದು ಹಿಂದೆ, ಕ್ಯಾನ್‌ಗಳ ಪಕ್ಕ, ಗೋಡೆಗೆ ಒರಗಿಕೊಂಡಿದೆ. ಮುಂದಿನ ಬಿಸಿಲಿನ ಜಾಗ ದೊಡ್ಡಪತ್ರೆಗೆ, ಬಸಳೆಗೆ, ಸಸಿ ಟ್ರೇಗಳಿಗೆ.

ಇನ್ನು 2023ರ ಜನವರಿ. ಸಫ್ದರ್‌ಜಂಗ್ ಮತ್ತೆ 2 ಡಿಗ್ರಿಗಿಂತ ಕೆಳಗೆ ಇಳಿದ ತಿಂಗಳು ಅದು. ನಾನು ಹೆದರಿದ್ದು ಚಳಿಗೆ, ಕಾಡಿದ್ದು ಮಂಜು. ಅಮೆರಿಕದ ಮೇಯ್ನ್ ರಾಜ್ಯದಲ್ಲಿ ಹೀಟರ್ ಇಲ್ಲದೆ ಚಳಿಗಾಲದಲ್ಲೂ ಸೊಪ್ಪು ಬೆಳೆದು ಮಾರುವ ಎಲಿಯಟ್ ಕೋಲ್‌ಮನ್ ಎಂಬ ರೈತ, ಹಗಲು 10 ಗಂಟೆಗಿಂತ ಚಿಕ್ಕದಾದರೆ ಗಿಡದ ಬೆಳವಣಿಗೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ ಎನ್ನುತ್ತಾರೆ. ದೆಹಲಿಯ ಅತಿ ಚಿಕ್ಕ ಹಗಲೂ 10 ಗಂಟೆಗಿಂತ ಉದ್ದ, ಹಾಗಾಗಿ ಲೆಕ್ಕದ ಪ್ರಕಾರ ನಾವು ಅದೃಷ್ಟವಂತರು. ಆದರೆ ಆ ಹತ್ತು ಗಂಟೆಯಲ್ಲಿ ಸೂರ್ಯ ಹಾಲಿನ ಲೋಟದೊಳಗಿನ ನಾಣ್ಯದ ಹಾಗೆ ಕಂಡರೆ ಏನು ಮಾಡುವುದು? ಲಡಾಖಿನಲ್ಲಿ ಚಳಿ ನಮ್ಮದಕ್ಕಿಂತ ಎಷ್ಟೋ ಕಠೋರ, ಆದರೆ ಬಿಸಿಲು ಖಾತ್ರಿ. ನಮ್ಮಲ್ಲಿ ಚಳಿ ಸಾಧಾರಣ, ಬಿಸಿಲಿಗೆ ಗ್ಯಾರಂಟಿ ಇಲ್ಲ. ಮೊದಲ ದಿನ ಕ್ಯಾನ್ ನೀರು 19 ಡಿಗ್ರಿ ಇತ್ತು. ಮೂರು ದಿನ ಸೂರ್ಯ ಬರಲಿಲ್ಲ. ಬ್ಯಾಟರಿ ಚಾರ್ಜ್ ಇಳಿದ ಹಾಗೆ ದಿನಕ್ಕೆ ಎರಡು-ಮೂರು ಡಿಗ್ರಿ ಇಳಿಯುತ್ತಾ ಬಂತು. ನಾಲ್ಕನೇ ಸಂಜೆ 11.

ಆ ಸಂಜೆ ನನ್ನ ಗಂಡ 100 ವ್ಯಾಟಿನ ಬಲ್ಬು, ಉದ್ದನೆಯ ವೈರು ಹಿಡಿದುಕೊಂಡು ಬಂದರು. ಇಬ್ಬನಿ ತೊಟ್ಟಿಕ್ಕುವ ಪ್ಲಾಸ್ಟಿಕ್ ಗೂಡಿನೊಳಗೆ, ರಜಾಯಿಯ ಕೆಳಗೆ, ರಾತ್ರಿಯಿಡೀ ಬಿಸಿ ಬಲ್ಬು. ಶಾಕ್ ಹೊಡೆಯುವುದೋ ಬೆಂಕಿ ಹತ್ತುವುದೋ ಮೊದಲು ಎನ್ನುವುದಷ್ಟೇ ಪ್ರಶ್ನೆ. ಬೇಡ ಎಂದೆ. ಅತ್ತೆ, "ನಮ್ಮೂರಲ್ಲಿ ತಿಪ್ಪೆ ಬಗೆದ್ರೆ ಹೊಗೆ ಬರೋದು ಕಣಮ್ಮ, ಸಗಣಿ ತಂದು ಹಾಕು," ಎಂದರು. ಅವರ ಮಾತು ಸುಳ್ಳಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಪ್ಯಾರಿಸ್ಸಿನ ತರಕಾರಿ ಬೆಳೆಗಾರರು ಕುದುರೆ ಲದ್ದಿಯ ಬಿಸಿಯ ಮೇಲೆ, ಗಾಜಿನ ಗಂಟೆಗಳ ಅಡಿಯಲ್ಲಿ, ಚಳಿಗಾಲದ ಸೊಪ್ಪು ಬೆಳೆಯುತ್ತಿದ್ದರು. ಆದರೆ ತಿಪ್ಪೆ ಬಿಸಿ ಹಿಡಿಯಲು ಅಗಲ, ಉದ್ದ, ಎತ್ತರ ಮೂರೂ ಒಂದು ಮೀಟರಿನಷ್ಟಾದರೂ ಇರಬೇಕು. ನಾವು ಹತ್ತಿರದ ಡೈರಿಯಿಂದ ಎರಡು ಬಕೆಟ್ ಹಸಿ ಸಗಣಿ ತಂದು, ಒಣ ಎಲೆ ಬೆರೆಸಿ ಗೂಡಿನೊಳಗೆ ಇಟ್ಟೆವು. ಬಿಸಿ ಬರಲಿಲ್ಲ, ಅಮೋನಿಯಾ ಬಂತು. ಬೆಳಿಗ್ಗೆ ಬಸಳೆಯ ಅಂಚು ಸುಟ್ಟಿತ್ತು, ಬಾಗಿಲು ತೆಗೆದರೆ ಕಣ್ಣು ಉರಿಯುತ್ತಿತ್ತು. ಮೇಲಿನಿಂದ ಇಳಿದು ಬಂದ ವಾಸನೆಯ ಬಗ್ಗೆ ಎರಡನೇ ಮಹಡಿಯವರು ಈಗಲೂ ಮಾತಾಡುತ್ತಾರೆ.

ಕೊನೆಗೆ ಮಾಡಿದ್ದು ಬಲು ಸಾದಾ ಕೆಲಸ. ಬಳ್ಳಿಯನ್ನೂ ಅದರ ಪಕ್ಕದ ನಾಲ್ಕು ಕ್ಯಾನ್‌ಗಳನ್ನೂ ಸೇರಿಸಿ, ಗೂಡಿನೊಳಗೇ ಹಳೆಯ ಕಾಟನ್ ಸೀರೆ ಹೊದಿಸಿದೆವು. ಇದೂ ಕೋಲ್‌ಮನ್ ಹೇಳುವ ಉಪಾಯವೇ: ಗೂಡಿನೊಳಗೆ ಇನ್ನೊಂದು ತೆಳು ಹೊದಿಕೆ. ಒಂದೊಂದು ಪದರವೂ ತೋಟವನ್ನು 500 ಮೈಲಿ ದಕ್ಷಿಣಕ್ಕೆ ಸರಿಸಿದ ಹಾಗೆ ಎಂದು ಅವರ ಅಂದಾಜು. ಮೈಸೂರು ತಲುಪಲು ಎಷ್ಟು ಸೀರೆ ಬೇಕೆಂದು ಲೆಕ್ಕ ಹಾಕುತ್ತಾ ಕುಳಿತೆ, ಮೂರಾದರೆ ಸಾಕಾಗಬಹುದು. ಅವತ್ತು ರಾತ್ರಿ ಹೊರಗೆ 3.3, ಗೂಡಿನೊಳಗೆ 7.5, ಸೀರೆಯೊಳಗೆ 9.1. ನಾನು ಎರಡು ಗಂಟೆಗೊಮ್ಮೆ ಎದ್ದು ಫೋನಿನಲ್ಲಿ ನೋಡುತ್ತಿದ್ದೆ. ಪ್ರೊಡಕ್ಷನ್ ಸರ್ವರಿಗೂ ನಾನು ಹೀಗೆ ಕಾವಲು ಕೂತಿಲ್ಲ. ಆರು ಎಲೆ ಉದುರಿದವು, ಬಳ್ಳಿ ಉಳಿಯಿತು.

ಆ ವಾರ ಮುಗಿದದ್ದು ಸಂಕ್ರಾಂತಿಗೆ. ನಮ್ಮ ಸುತ್ತಮುತ್ತ ಏಳು ಕನ್ನಡದ ಮನೆಗಳಿವೆ, ಎಳ್ಳು ಬೀರಲು ಎಲೆ-ಅಡಿಕೆ ಬೇಕು. ಬಳ್ಳಿಯಲ್ಲಿ ಎಣಿಸಿದರೆ ಮೂವತ್ತೊಂದು ಎಲೆ. ನನ್ನ ಮನಸ್ಸಿನಲ್ಲಿ ತಟ್ಟೆಯ ಫೋಟೋ ಆಗಲೇ ಸಿದ್ಧವಾಗಿತ್ತು: ಎಳ್ಳು, ಸಕ್ಕರೆ ಅಚ್ಚು, ಕಬ್ಬು, ನಮ್ಮದೇ ಚಿಗುರೆಲೆ. ಅತ್ತೆ ಕೀಳಲು ಬಿಡಲಿಲ್ಲ. "ಈಗ ಕಿತ್ರೆ ಬಳ್ಳಿ ಸೊರಗತ್ತೆ. ಅಂಗಡೀಲಿ ತಗೊಂಡ್ ಬಾ," ಎಂದರು. ಐಎನ್ಎ ಮಾರುಕಟ್ಟೆಗೆ ಹೋಗಿ ಕಟ್ಟು ತಂದೆ. ಎರಡೇ ಎರಡು ಎಲೆಯನ್ನು ಮಾತ್ರ ಅವರೇ ಕಿತ್ತು ಮಾವನವರ ಫೋಟೋದ ಮುಂದಿಟ್ಟರು. ಸಂಜೆ ಎತ್ತಿ, ಸುಣ್ಣ ಹಚ್ಚಿ ಒಂದನ್ನು ತಾವು ಹಾಕಿಕೊಂಡು, ಇನ್ನೊಂದನ್ನು ನನಗೆ ಕೊಟ್ಟರು. ನನಗೆ ಎಲೆ ಹಾಕುವ ಅಭ್ಯಾಸ ಇಲ್ಲ, ನಾಲಿಗೆ ಚುರ್ ಎಂದಿತು. ಹಾಕಿಕೊಂಡೆ.

ಅಂದಿನಿಂದ ಗೂಡಿನ ಆಡಳಿತ ಅತ್ತೆಯ ಕೈಗೆ ಹೋಯಿತು. ಅದಕ್ಕೆ ಕಾರಣವೂ ನಾನೇ. ಆ ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಕಾಲ್‌ನಲ್ಲಿ ಸಿಕ್ಕಿಹಾಕಿಕೊಂಡು ಕಿಂಡಿ ತೆಗೆಯುವುದನ್ನು ಮರೆತೆ. ಒಳಗೆ 44 ಡಿಗ್ರಿ. ಚಳಿ ದಾಟಿ ಬಂದ ಎಲೆಗಳು ಬಿಸಿಗೆ ಬೆಂದವು. ಗೂಡಿನಲ್ಲಿ ಚಳಿಗಿಂತ ಬಿಸಿಯಿಂದ ಸತ್ತ ಗಿಡವೇ ಹೆಚ್ಚು ಎಂದರೆ ನಂಬಿ. ತಾನಾಗಿ ತೆರೆದುಕೊಳ್ಳುವ ಮೇಣದ ಕೊಳವೆಯ ಕಿಂಡಿಗಳು ಸಿಗುತ್ತವೆ, ಬಿಸಿಗೆ ಮೇಣ ಹಿಗ್ಗಿ ಬಾಗಿಲನ್ನು ಎತ್ತುತ್ತದೆ. ನಾನು ಅದನ್ನು ಆರ್ಡರ್ ಮಾಡುವ ಹೊತ್ತಿಗೆ ಅತ್ತೆ ತಮ್ಮದೇ ವೇಳಾಪಟ್ಟಿ ಮಾಡಿಕೊಂಡಿದ್ದರು. ಪೂಜೆ ಮುಗಿಸಿ ಹತ್ತೂವರೆಗೆ ರಜಾಯಿ ತೆಗೆದು ಕಿಂಡಿ ಬಿಡುವುದು. ಮಧ್ಯಾಹ್ನದ ಕಾಫಿ ಮುಗಿಸಿ ಮೂರೂವರೆಗೆ ಕಿಂಡಿ ಮುಚ್ಚುವುದು, ಸೂರ್ಯ ಇನ್ನೂ ಇರುವಾಗಲೇ. ಈ ಮೂರೂವರೆ ಬಹಳ ಮುಖ್ಯ. ಐದಕ್ಕೆ ಮುಚ್ಚಿದರೆ ಮುಚ್ಚುವುದು ತಣ್ಣನೆ ಗಾಳಿಯನ್ನು. ನೀರು ಬೆಳಿಗ್ಗೆ ಮಾತ್ರ, ಅದೂ ಹಿಂದಿನ ದಿನ ಗೂಡಿನೊಳಗೆ ತುಂಬಿಟ್ಟ ಬಕೆಟಿನಿಂದ. ಸಂಜೆ ನೀರು ಹಾಕಿದರೆ ರಾತ್ರಿಯೆಲ್ಲ ಎಲೆ ಒದ್ದೆಯಾಗಿದ್ದು ಬೂಷ್ಟು ಹಿಡಿಯುತ್ತದೆ.

ಬಳ್ಳಿ ಬಿಟ್ಟರೆ ಇನ್ನೇನು ಸಿಗುತ್ತದೆ ಎಂದು ಕೆಲವರು ಕೇಳಿದ್ದೀರಿ. ದೊಡ್ಡಪತ್ರೆ ಚಳಿಗಾಲವಿಡೀ ಸಿಗುತ್ತದೆ, ಮಗನ ಕೆಮ್ಮಿಗೆ ತಂಬುಳಿ, ಕಷಾಯ ಎಲ್ಲಕ್ಕೂ ಅದೇ. ಬಸಳೆ ಬದುಕಿರುತ್ತದೆ, ಬೆಳೆಯುವುದಿಲ್ಲ. ಹುಳಿಗೆ ಸಾಕಾಗುವಷ್ಟು ಬೇಕಾದರೆ ಮಾರ್ಚಿನವರೆಗೆ ಕಾಯಬೇಕು. ನಿಜವಾದ ಲಾಭ ಸಸಿಗಳದ್ದು. ಜನವರಿ ಕೊನೆಗೆ ಮೆಣಸಿನಕಾಯಿ, ಬದನೆ, ಸೋರೆ, ಹೀರೆ ಬೀಜ ಹಾಕಿದರೆ, ಫೆಬ್ರವರಿ ಕೊನೆಗೆ ಹೊರಗೆ ನೆಡುವಷ್ಟು ದೊಡ್ಡವಾಗುತ್ತವೆ. ದೆಹಲಿಯ ಬೇಸಿಗೆ ಏಪ್ರಿಲ್‌ನಲ್ಲೇ ಉಗ್ರ, ಆ ಒಂದು ತಿಂಗಳ ಮುನ್ನಡೆ ಸಿಕ್ಕರೆ ಮಾತ್ರ ಕಾಯಿ. ಯಮುನೆಯ ಬಯಲಿನ ರೈತರು ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡುತ್ತಾರೆ. ನದಿಯ ಮರಳಿನಲ್ಲಿ ಸೋರೆ, ಸೌತೆ ಜಾತಿಯ ಬಳ್ಳಿಗಳನ್ನು ಚಳಿಯಲ್ಲೇ ಹಾಕಿ, ಉತ್ತರದ ಗಾಳಿ ಬೀಸದಂತೆ ಸರ್ಕಂಡಾ ಹುಲ್ಲಿನ ತಡಿಕೆ ನಿಲ್ಲಿಸುತ್ತಾರೆ. ಕೆಲವರು ಸಾಲಿನ ಮೇಲೆ ಮೊಣಕಾಲೆತ್ತರದ ಪ್ಲಾಸ್ಟಿಕ್ ಸುರಂಗ ಮಾಡುತ್ತಾರೆ. ಸೇತುವೆ ಮೇಲೆ ಟ್ರಾಫಿಕ್ಕಿನಲ್ಲಿ ನಿಂತಾಗ ಕೆಳಗೆ ನೋಡಿ.

ಇದು ಗೂಡಿನ ನಾಲ್ಕನೇ ಚಳಿಗಾಲ. ಮೊನ್ನೆ ಭಾನುವಾರ ಕ್ಯಾನ್‌ಗಳನ್ನು ತುಂಬಿಸಿದೆವು, ಒಂದು ಸೋರುತ್ತಿದೆ. ಬಳ್ಳಿ ಈ ಮಳೆಗಾಲದಲ್ಲಿ ಮುಮ್ಟಿಯ ಛಾವಣಿ ಮುಟ್ಟಿದೆ. ಆದರೂ ನನ್ನ ನಿದ್ದೆ ಕೆಡಿಸುವ ವಿಷಯ ಒಂದಿತ್ತು: ಇಡೀ ಪ್ರಪಂಚದಲ್ಲಿ ಈ ಬಳ್ಳಿ ಇರುವುದು ಒಂದೇ ಜಾಗದಲ್ಲಿ. ಬ್ಯಾಕಪ್ ಇಲ್ಲದ ಡೇಟಾದ ಜೊತೆ ಹದಿನೈದು ವರ್ಷ ಕೆಲಸ ಮಾಡಿದವಳಿಗೆ ಇದು ಸಹಿಸುವ ಸ್ಥಿತಿಯಲ್ಲ. ಅತ್ತೆಯನ್ನು ಕೇಳಿದೆ, ಕಡ್ಡಿ ಹಂಚಬಹುದೇ ಎಂದು. ಎರಡು ದಿನ ಉತ್ತರ ಬರಲಿಲ್ಲ. ಮೂರನೇ ದಿನ ಕತ್ತರಿ ತೆಗೆದುಕೊಂಡು ತಾವೇ ಮೇಲೆ ಹೋದರು. ಹೈದರಾಬಾದಿನ ನನ್ನ ತಂಗಿಗೆ ಎರಡು, ಪುಣೆಯ ಗೆಳತಿಗೆ ಎರಡು ಕಡ್ಡಿ ಹೋಗಿವೆ, ಎರಡೂ ಕಡೆ ಚಿಗುರಿವೆಯಂತೆ. ಇನ್ನು ಒಂಬತ್ತು ಕಡ್ಡಿಗಳು ಬಾಟಲಿಗಳಲ್ಲಿ ಬೇರು ಬಿಡುತ್ತಿವೆ.

ದೆಹಲಿ, ನೋಯ್ಡಾ, ಗುರುಗ್ರಾಮ, ಫರೀದಾಬಾದಿನಲ್ಲಿರುವವರು ಬೇಕಿದ್ದರೆ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಡಿಸೆಂಬರ್ ಮೊದಲ ವಾರದೊಳಗೆ ಬಂದು ಒಯ್ಯಬೇಕು, ಆಮೇಲೆ ಹೊರಗೆ ತೆಗೆಯುವುದಿಲ್ಲ. ಕುಂಡ ನೀವೇ ತನ್ನಿ. ಅತ್ತೆ ನಿಮ್ಮ ತಾರಸಿಯ ದಿಕ್ಕು, ಗೋಡೆ, ಸಂಜೆ ಮೂರೂವರೆಗೆ ಮನೆಯಲ್ಲಿ ಯಾರಿರುತ್ತಾರೆ ಎಂಬುದನ್ನೆಲ್ಲ ವಿಚಾರಿಸಿಯೇ ಕೊಡುತ್ತಾರೆ.